ಆಗಸ್ಟ್ ಬಿಸಿಲಲ್ಲಿ ಹಿಮೇಜಿ ಕೋಟೆ: ಹೋಗಿ ತಪ್ಪು ಮಾಡಿದೆವಾ?

ಮೈಸೂರ್‌ಪಾಕ್ · ಶನಿವಾರ ರಾತ್ರಿ 9:40

2025ರ ಆಗಸ್ಟ್‌ನಲ್ಲಿ ಅಮ್ಮನ ಜೊತೆ ಜಪಾನ್ ನೋಡಿ ಬಂದೆ. ಕ್ಯೋಟೋ, ನಾರಾ ಎಲ್ಲ ಚೆನ್ನಾಗಿಯೇ ಆಯಿತು. ಹಿಮೇಜಿ ಕೋಟೆಗೆ ಹೋದ ದಿನ ಮಾತ್ರ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡ ಹಾಗಿದೆ. ಇಲ್ಲಿ ಹೇಳಿಕೊಂಡರೆ ಸ್ವಲ್ಪ ಹಗುರ ಆಗಬಹುದು ಅಂತ ಬರೆಯುತ್ತಿದ್ದೇನೆ.

ಪ್ಲಾನ್ ಹಾಕಿಕೊಟ್ಟಿದ್ದು ಬೆಂಗಳೂರಿನ ಒಂದು ಟ್ರಾವೆಲ್ಸ್‌ನವರು. ಒಸಾಕಾದಲ್ಲಿ ನಿಧಾನಕ್ಕೆ ತಿಂಡಿ, 11ರ ಮೇಲೆ ಹಿಮೇಜಿ ಅಂತ ಬರೆದಿದ್ದರು. ನಾನೂ ತಲೆ ಓಡಿಸಲಿಲ್ಲ. ಸ್ಟೇಷನ್ನಿಂದ ಹೊರಗೆ ಬಂದರೆ ಎದುರಿಗೇ ನೇರ ರಸ್ತೆ, ಆ ತುದಿಯಲ್ಲಿ ಬೆಳ್ಳಗೆ ಕೋಟೆ. "ಅಗೋ ಅಲ್ಲೇ ಇದೆ, ಬಸ್ ಯಾಕೆ, ನಡೆದುಬಿಡೋಣ" ಅಂದೆ. ಒಂದು ಕಿಲೋಮೀಟರ್ ಅಷ್ಟೇ. ಆದರೆ 36 ಡಿಗ್ರಿ, ಒಂದು ಎಲೆ ಅಲ್ಲಾಡುತ್ತಿಲ್ಲ. ನಮ್ಮ ಮೈಸೂರಲ್ಲಿ ಎಂಥ ಬಿಸಿಲಿದ್ದರೂ ಮರದ ಕೆಳಗೆ ನಿಂತರೆ ಹಾಯಾಗುತ್ತದೆ ಅಲ್ವಾ? ಅಲ್ಲಿ ನೆರಳಲ್ಲಿ ನಿಂತರೂ ಬೆವರು ಆರುವುದಿಲ್ಲ.

ಕೋಟೆ ಬಾಗಿಲು ದಾಟಿದ ಮೇಲೆ ಹತ್ತು, ತಿರುಗು, ಇಳಿ, ಮತ್ತೆ ಹತ್ತು. ಗೋಪುರ ಕಣ್ಣೆದುರಿಗೇ ಇದೆ, ತಲುಪುವುದೇ ಇಲ್ಲ. ಕೊನೆಗೂ ಒಳಗೆ ಹೋದರೆ ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಏಸಿ ಇಲ್ಲ, ಲಿಫ್ಟ್ ಇಲ್ಲ. ಮೆಟ್ಟಿಲೋ, ನಮ್ಮ ಹಳ್ಳಿಮನೆ ಅಟ್ಟದ ಏಣಿ ಥರ. ನಾಲ್ಕನೇ ಮಹಡಿಯಲ್ಲಿ ಅಮ್ಮನಿಗೆ ತಲೆ ಸುತ್ತು ಬಂತು. ಅಲ್ಲಿದ್ದ ಸಿಬ್ಬಂದಿಯ ಹೆಂಗಸೊಬ್ಬರು ಓಡಿ ಬಂದು, ಕಿಟಕಿ ಪಕ್ಕ ಕೂರಿಸಿ, ದುಂಡು ಬೀಸಣಿಗೆಯಲ್ಲಿ ಗಾಳಿ ಹಾಕಿದರು. ಹತ್ತು ನಿಮಿಷದಲ್ಲಿ ಸರಿಹೋಯಿತು. ಆದರೆ ಆ ಹತ್ತು ನಿಮಿಷದಲ್ಲಿ ನನ್ನ ಜೀವ ಅರ್ಧ ಆಗಿತ್ತು.

ಇಷ್ಟೆಲ್ಲ ಪಟ್ಟು ನೋಡಿದ್ದೇನು? ಒಳಗೆ ಏನೂ ಇಲ್ಲ! ಸಿಂಹಾಸನ ಇಲ್ಲ, ಚಿತ್ರ ಇಲ್ಲ, ಮಂಚ ಇಲ್ಲ. ಬರೀ ಮರದ ನೆಲ, ಕಂಬ, ಗೋಡೆಗೆ ಆಯುಧ ನೇತುಹಾಕುವ ಗೂಟಗಳು. ಅರಮನೆ ಊರಿಂದ ಹೋದವರಿಗೆ ಇದು ತುಂಬಾ ಖಾಲಿ ಅನ್ನಿಸಿತು. ನಾವೇ ಏನಾದರೂ ನೋಡದೆ ಬಿಟ್ಟೆವಾ? ಅಥವಾ ಇದು ಹೊರಗಿನಿಂದ ಫೋಟೋ ತೆಗೆದುಕೊಂಡು ಬರುವ ಜಾಗವಾ?

ಕಾಫಿಪುಡಿ · ಶನಿವಾರ ರಾತ್ರಿ 9:58

ಅಮ್ಮ ಹುಷಾರಾಗಿದ್ದಾರೆ ತಾನೇ? ಅದು ಮುಖ್ಯ. ಕೋಟೆ ಎಲ್ಲೂ ಓಡಿಹೋಗಲ್ಲ.

ತಿರುಗಾಟ · ಶನಿವಾರ ರಾತ್ರಿ 10:15

ಒಸಾಕಾ ಕೋಟೆಗೆ ಹೋಗಬೇಕಿತ್ತು ನೀವು. ಅಲ್ಲಿ ಲಿಫ್ಟ್ ಇದೆ, ಏಸಿ ಇದೆ, ಒಳಗೆ ಮ್ಯೂಸಿಯಂ ಇದೆ. ನಾನು ಎರಡೂ ನೋಡಿದ್ದೇನೆ. ದೊಡ್ಡವರ ಜೊತೆ ಹೋಗುವವರಿಗೆ ಒಸಾಕಾನೇ ವಾಸಿ.

ಕೋಬೆ_ಕನ್ನಡತಿ · ಶನಿವಾರ ರಾತ್ರಿ 11:02

ಒಸಾಕಾದ ಗೋಪುರ 1931ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು ತಿರುಗಾಟ ಅವರೇ. ನಾಗೋಯಾದ್ದು 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ, 1959ರಲ್ಲಿ ಮತ್ತೆ ಕಾಂಕ್ರೀಟಿನಲ್ಲಿ ಎದ್ದಿತು. ಅವು ಕೆಟ್ಟವು ಅಂತಲ್ಲ. ಆದರೆ ಹಳೇ ಕಾಲದಿಂದ ಹಾಗೇ ನಿಂತಿರುವ ಗೋಪುರಗಳು ಇಡೀ ಜಪಾನಿನಲ್ಲಿ ಹನ್ನೆರಡೇ. ಅದರಲ್ಲಿ ರಾಷ್ಟ್ರೀಯ ನಿಧಿ ಅಂತ ಗುರುತಿಸಿರುವುದು ಐದು: ಹಿಮೇಜಿ, ಮತ್ಸುಮೊತೊ, ಇನುಯಾಮಾ, ಹಿಕೊನೆ, ಮತ್ಸುಎ. ಈ ಹನ್ನೆರಡರಲ್ಲಿ ಹಿಮೇಜಿಯೇ ದೊಡ್ಡಣ್ಣ. ಈಗ ನಿಂತಿರುವ ರೂಪ 1609ರದ್ದು.

ಪಾಕ್ ಅವರೇ, ನಾನು ಕೋಬೆಗೆ ಬಂದು ಒಂಬತ್ತು ವರ್ಷ ಆಯಿತು. ಊರಿಂದ ಯಾರೇ ಬಂದರೂ ಹಿಮೇಜಿಗೆ ಕರೆದುಕೊಂಡು ಹೋಗುವ ಡ್ಯೂಟಿ ನನ್ನದೇ. ಹತ್ತು ಸಲ ಹತ್ತಿರಬೇಕು. "ಒಳಗೆ ಏನೂ ಇಲ್ಲ" ಅನ್ನುವ ಮಾತನ್ನು ಪ್ರತಿ ಸಲ ಕೇಳಿದ್ದೇನೆ. ಮೊದಲ ಸಲ ನಾನೂ ಅದನ್ನೇ ಅಂದಿದ್ದೆ.

ವಿಷಯ ಏನಪ್ಪಾ ಅಂದರೆ, ಅದು ಮನೆಯೇ ಅಲ್ಲ. ದೊರೆ ಅಲ್ಲಿ ವಾಸ ಮಾಡುತ್ತಿರಲಿಲ್ಲ. ಕೆಳಗೆ ಬಯಲಲ್ಲಿ ಅರಮನೆ ಇತ್ತು, ಈಗ ಅದು ಇಲ್ಲ. ನೀವು ಹತ್ತಿದ್ದು ಯುದ್ಧ ಬಂದರೆ ಕೊನೆಗೆ ಹೋಗಿ ಕೂರುವ ಗೋಪುರ. ಅದಕ್ಕೇ ಗೂಟಗಳು, ಅದಕ್ಕೇ ಏಣಿಯಂಥ ಮೆಟ್ಟಿಲು, ಅದಕ್ಕೇ ನೆಲಮಾಳಿಗೆಯಲ್ಲಿ ಪಾತ್ರೆ ತೊಳೆಯುವ ಜಾಗ, ಶೌಚದ ಕೋಣೆ. ಆ ಶೌಚದ ಕೋಣೆಯನ್ನು ಯಾರೂ ಬಳಸಿದ ಗುರುತಿಲ್ಲ ಅಂತಾರೆ, ಯಾಕೆಂದರೆ ಯುದ್ಧವೇ ಬರಲಿಲ್ಲ. ಇಷ್ಟು ತಯಾರಿ ಮಾಡಿಕೊಂಡು ನಾನೂರು ವರ್ಷ ಸುಮ್ನೆ ಕಾಯುತ್ತಾ ನಿಂತ ಕಟ್ಟಡ ಅದು. ಅಲ್ಲಿ ಮಂಚ ಹುಡುಕಿದರೆ ಹೇಗೆ?

ಆದರೆ ಆಗಸ್ಟ್‌ನಲ್ಲಿ, 11 ಗಂಟೆಗೆ, ಅಮ್ಮನ ಜೊತೆ... ಆ ಪ್ಲಾನ್ ಹಾಕಿದವರನ್ನೇ ಮೊದಲು ಹತ್ತಿಸಬೇಕು.

ದುರ್ಗದ_ಕಲ್ಲು · ಭಾನುವಾರ ಬೆಳಗ್ಗೆ 7:20

"ಗೋಪುರ ಎದುರಿಗೇ ಇದೆ, ತಲುಪುವುದೇ ಇಲ್ಲ" ಅಂದಿರಲ್ಲ, ಅದೇ ಅದರ ಕೆಲಸ! ಚಿತ್ರದುರ್ಗದವನಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ನಾನು 2019ರ ಜುಲೈನಲ್ಲಿ ಹೋಗಿದ್ದೆ. ಮೊದಲು ಹಿಷಿ ಬಾಗಿಲು ಅಂತ ದೊಡ್ಡದೊಂದು. ಆಮೇಲಿನ ಬಾಗಿಲುಗಳಿಗೆ ಹೆಸರೇ ಇಲ್ಲ, ಇ, ರೋ, ಹಾ, ನಿ, ಹೋ ಅಂತ ಅಷ್ಟೇ. ಜಪಾನಿನ ಹಳೇ ಅಕ್ಷರಮಾಲೆಯ ಕ್ರಮ ಅದು. ನಮ್ಮಲ್ಲಾದರೆ ಅ ಬಾಗಿಲು, ಆ ಬಾಗಿಲು, ಇ ಬಾಗಿಲು ಅಂದ ಹಾಗೆ.

ಒಂದು ಕಡೆ ದಾರಿ ಗೋಪುರಕ್ಕೆ ಬೆನ್ನು ಮಾಡಿ ಹಿಂದಕ್ಕೆ ತಿರುಗುತ್ತದೆ. ಇನ್ನೊಂದು ಕಡೆ ಹತ್ತುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಇಳಿಜಾರಾಗುತ್ತದೆ. ಹೊಸಬ ಶತ್ರು "ಅಯ್ಯೋ ದಾರಿ ತಪ್ಪಿತು" ಅಂತ ನಿಲ್ಲಬೇಕು. ನಿಂತ ಕಡೆ ಗೋಡೆಯ ತೂತುಗಳಿಂದ ಗುಂಡು. ದುಂಡನೆ, ತ್ರಿಕೋನ, ಚೌಕ ತೂತುಗಳು ಬಂದೂಕಿಗೆ. ಉದ್ದನೆಯವು ಬಾಣಕ್ಕೆ. ಮೂಲೆಗಳಲ್ಲಿ ಗೋಡೆ ಹೊರಗೆ ಚಾಚಿಕೊಂಡು ಅಡಿಯಲ್ಲಿ ಕಿಂಡಿ ಇರುತ್ತದೆ, ಕೆಳಗೆ ಹತ್ತುವವನ ತಲೆ ಮೇಲೆ ಕಲ್ಲು ಬಿಡಲು. ನಾನು ಒಂದು ತ್ರಿಕೋನದ ತೂತಿಗೆ ಕಣ್ಣಿಟ್ಟು ನೋಡಿದೆ. ನಾನು ಆಗ ತಾನೇ ನಡೆದು ಬಂದ ದಾರಿಯೇ ಕಾಣಿಸಿತು. ಕೊಡೆ ಹಿಡಿದ ಒಬ್ಬ ತಾತ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು. ಬಂದೂಕು ಇದ್ದಿದ್ದರೆ ತಪ್ಪುವ ಮಾತೇ ಇಲ್ಲ.

ಅಂದ್ರೆ ನಿಮ್ಮನ್ನು ಸುಸ್ತು ಮಾಡಿದ್ದು ಬಿಸಿಲೊಂದೇ ಅಲ್ಲ. ಕಟ್ಟಿಸಿದವನು, ಇಕೆದಾ ತೆರುಮಾಸಾ, ಅದನ್ನೇ ಬಯಸಿದ್ದ.

ಮೈಸೂರ್‌ಪಾಕ್ · ಭಾನುವಾರ ಬೆಳಗ್ಗೆ 8:05

ಹಹ. ಹಾಗಾದರೆ ನಾವು ಸೋತ ಸೈನ್ಯ.

ಅಮ್ಮ ಈಗ ಆರಾಮಾಗಿದ್ದಾರೆ ಕಾಫಿಪುಡಿ ಅವರೇ. ತಮಾಷೆ ಏನೆಂದರೆ ಅವರಿಗೆ ಆ ದಿನದ ಬಗ್ಗೆ ಬೇಜಾರೇ ಇಲ್ಲ. ಬೇಜಾರಿರುವುದು ನನಗೆ.

ಹೊಸಬ_22 · ಭಾನುವಾರ ಬೆಳಗ್ಗೆ 9:30

ನಾನು ಬರುವ ಜುಲೈ ಕೊನೆಗೆ ಅಪ್ಪ ಅಮ್ಮನ ಜೊತೆ ಹೋಗುತ್ತಿದ್ದೇನೆ. ಇದನ್ನು ಓದಿ ಹೆದರಿಕೆ ಆಗುತ್ತಿದೆ. ಬೇರೆ ದಿನ ಸಿಗಲ್ಲ, ರಜೆ ಅದೇ. ಹಿಮೇಜಿ ಬಿಟ್ಟುಬಿಡಲಾ?

ಕೋಬೆ_ಕನ್ನಡತಿ · ಭಾನುವಾರ ಮಧ್ಯಾಹ್ನ 12:40

ಬಿಡಬೇಡಿ, ಆದರೆ ಬೇಸಿಗೆಯನ್ನು ಹಗುರವಾಗಿ ತಗೋಬೇಡಿ. 2025ರ ಜುಲೈ 30ಕ್ಕೆ ಇದೇ ಹ್ಯೋಗೊ ಪ್ರಾಂತ್ಯದ ತಂಬಾ ಅನ್ನುವ ಊರಲ್ಲಿ 41.2 ಡಿಗ್ರಿ ಮುಟ್ಟಿತು. ಆ ದಿನಕ್ಕೆ ಅದು ಜಪಾನಿನ ದಾಖಲೆ. ಒಂದು ವಾರದಲ್ಲೇ ಇಸೆಸಾಕಿ ಅನ್ನುವ ಇನ್ನೊಂದು ಊರಲ್ಲಿ 41.8 ಆಗಿ ಅದೂ ಮುರಿಯಿತು. 35 ದಾಟಿದ ದಿನಕ್ಕೆ ಇಲ್ಲಿ ಬೇರೆ ಹೆಸರೇ ಇದೆ, ಮೋಶೋಬಿ ಅಂತ. ಬಿಸಿಲಿನ ಹೊಡೆತಕ್ಕೆ ನೆಚ್ಚೂಶೋ ಅನ್ನುತ್ತಾರೆ. ಟಿವಿಯಲ್ಲಿ, ಫೋನಿನಲ್ಲಿ ಆ ಪದ ಕಂಡರೆ ಆ ದಿನ ಗೋಪುರ ಹತ್ತುವ ಹಟ ಬೇಡ.

ನಾನು ಊರಿನವರಿಗೆ ಮಾಡಿಸುವುದು ಹೀಗೆ. ಬಾಗಿಲು ತೆಗೆಯುವುದು 9ಕ್ಕೆ. ಅಷ್ಟೊತ್ತಿಗೆ ನಾವು ಅಲ್ಲಿ ನಿಂತಿರಬೇಕು. ಒಸಾಕಾದಿಂದ ಶಿಂಕಾಯ್‌ಸೋಕು ಅನ್ನುವ ವೇಗದ ರೈಲಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಶಿನ್‌ಒಸಾಕಾದಿಂದ ಶಿಂಕಾನ್‌ಸೆನ್ ಹಿಡಿದರೆ ಅರ್ಧ ಗಂಟೆ. ಸ್ಟೇಷನ್ನಿಂದ ಕೋಟೆಗೆ ಬಸ್ಸು ಅಥವಾ ಟ್ಯಾಕ್ಸಿ. ಆ ಒಂದು ಕಿಲೋಮೀಟರನ್ನು ಕಾಲಿಗೆ ಕೊಡಬೇಡಿ, ಮೆಟ್ಟಿಲಿಗೆ ಉಳಿಸಿಕೊಳ್ಳಿ. ನೀರು, ಉಪ್ಪಿನ ಮಿಠಾಯಿ, ಕುತ್ತಿಗೆಗೆ ಒದ್ದೆ ಟವೆಲ್ಲು, ಕೊಡೆ. ಗಂಡಸರೂ ಕೊಡೆ ಹಿಡಿಯಿರಿ, ಈಗ ಇಲ್ಲಿ ಯಾರೂ ನಗುವುದಿಲ್ಲ. ಪೊಕಾರಿ ಸ್ವೆಟ್ ಅನ್ನುವ ಉಪ್ಪು ಸಕ್ಕರೆಯ ಪಾನೀಯ ಅಥವಾ ಬಾರ್ಲಿ ಚಹಾ ಕೆಳಗೇ ಮೆಷಿನ್ನಿಂದ ತಗೊಂಡುಬಿಡಿ. ಮೇಲೆ ಹೋದಮೇಲೆ ನೋಡೋಣ ಅಂತ ಇರಬೇಡಿ. 11ರೊಳಗೆ ಇಳಿದು ಎಲ್ಲಾದರೂ ತಣ್ಣಗೆ ಕೂತಿರಬೇಕು.

ಬೆಳಗ್ಗೆ ಹೋದರೆ ಇನ್ನೊಂದು ಇದೆ. ಜೀರುಂಡೆ. ಈ ಕಡೆಯ ದೊಡ್ಡ ಕಪ್ಪು ಜೀರುಂಡೆ, ಕುಮಾಜೆಮಿ, ಬೆಳಗ್ಗೆಯೇ ಶಾ ಶಾ ಶಾ ಅಂತ ಶುರು ಮಾಡುತ್ತದೆ. ಪಕ್ಕದವರ ಮಾತು ಕೇಳಿಸುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದೂ ಸುಮ್ಮನಾಗುತ್ತದೆ. ಅದಕ್ಕಿರುವ ಬುದ್ಧಿ ನಮಗಿರಬಾರದಾ?

ಕರಾವಳಿ_ಸೆಖೆ · ಭಾನುವಾರ ಮಧ್ಯಾಹ್ನ 1:15

ನೀವು ಘಟ್ಟದ ಮೇಲಿನವರು ಸುಮ್ನೆ ಹೆದರುತ್ತೀರಿ ಮಾರಾಯ್ರೆ. ಮಂಗಳೂರಿನ ಮೇ ತಿಂಗಳು ಕಂಡವರಿಗೆ ಹಿಮೇಜಿ ಆಗಸ್ಟ್ ಒಂದು ಲೆಕ್ಕವಾ? ನಾನು ಮಧ್ಯಾಹ್ನ 2ಕ್ಕೇ ಹತ್ತಿ ಇಳಿದೆ. ಒಂದು ಶರ್ಟು ಮಾತ್ರ ಹಿಂಡಬೇಕಾಯಿತು.

ಗಾರೆ_ಮೇಸ್ತ್ರಿ · ಭಾನುವಾರ ಸಂಜೆ 6:50

ನಾನು ಜಪಾನ್ ನೋಡಿದವನಲ್ಲ. ಮಗ ಹೋಗಿದ್ದ, ಅವನ ಫೋನಿನಲ್ಲಿ ಈ ಕೋಟೆಯ ಗೋಡೆ ನೋಡಿದ್ದೇನೆ. ನಮ್ಮದು ಮೂರು ತಲೆಮಾರಿನ ಗಾರೆ ಕೆಲಸ. ಆ ಬಿಳಿ ಬಣ್ಣವೋ, ಸುಣ್ಣವೋ? ಸೂರಿನ ಅಡಿಯವರೆಗೂ ಬಳಿದಿದ್ದಾರಲ್ಲ, ಯಾಕೆ?

ಕೋಬೆ_ಕನ್ನಡತಿ · ಭಾನುವಾರ ಸಂಜೆ 7:35

ಸುಣ್ಣವೇ ಮೇಸ್ತ್ರಿಗಳೇ! ಶಿಕ್ಕುಯಿ ಅಂತ ಹೆಸರು. ಸುಣ್ಣ, ಚಿಪ್ಪು ಸುಟ್ಟ ಬೂದಿ, ಸೆಣಬಿನಂಥ ನಾರು, ಅಂಟಿಗೆ ಕಡಲಪಾಚಿ ಬೇಯಿಸಿದ ಗಂಜಿ. ಸೂರಿನ ಅಡಿಯವರೆಗೂ ಬಳಿದಿರುವುದು ಬೆಂಕಿಗೆ ಹೆದರಿ. ಒಳಗೆಲ್ಲ ಮರ, ಹೊರಗೆ ಒಂದು ಕಡ್ಡಿಯೂ ಬೆತ್ತಲೆ ಕಾಣಬಾರದು. ಚಾವಣಿ ಹೆಂಚುಗಳ ಸಂದಿಗೂ ಅದನ್ನೇ ತುಂಬಿದ್ದಾರೆ. ಹಾಗಾಗಿ ಬೂದು ಹೆಂಚಿನ ಮಾಡು ಕೂಡ ದೂರಕ್ಕೆ ಬೆಳ್ಳಗೆ ಕಾಣುತ್ತದೆ. ಬೆಳ್ಳಕ್ಕಿ ಕೋಟೆ, ಶಿರಾಸಾಗಿ ಜೋ, ಅಂತ ಹೆಸರಿರುವುದು ಅದಕ್ಕೇ.

ದೊಡ್ಡ ರಿಪೇರಿ ಮುಗಿದು 2015ರ ಮಾರ್ಚ್‌ನಲ್ಲಿ ಬಾಗಿಲು ತೆಗೆದಾಗ ಎಷ್ಟು ಬೆಳ್ಳಗಿತ್ತು ಅಂದರೆ, ಇಲ್ಲಿನವರು ಶಿರಾಸಾಗಿ ಬಿಟ್ಟು ಶಿರೊಸುಗಿ ಜೋ ಅಂತ ಆಡಿಕೊಂಡರು. ಅಂದರೆ "ಅತಿ ಬಿಳುಪಿನ ಕೋಟೆ". ಮಳೆ, ಪಾಚಿ ಸೇರಿ ಈಗ ಸ್ವಲ್ಪ ಹದಕ್ಕೆ ಬಂದಿದೆ. ನನಗೆ ಈಗಿನದೇ ಇಷ್ಟ.

ಗಾರೆ_ಮೇಸ್ತ್ರಿ · ಭಾನುವಾರ ಸಂಜೆ 8:10

ಕಡಲಪಾಚಿಯ ಗಂಜಿ! ನಾವು ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುತ್ತಿದ್ದೆವು. ಕೆಲಸ ಒಂದೇ. ಸುಣ್ಣ ಬೇಗ ಒಣಗಿ ಬಿರುಕು ಬಿಡಬಾರದು, ಕರಣೆಗೆ ಜಾರಬೇಕು. ನಾರು ಹಾಕುವುದೂ ಅದಕ್ಕೇ. ಆಗಸ್ಟ್ ಬಿಸಿಲಲ್ಲಿ ಆ ಗೋಡೆ ಬಳಿಯುವವನ ಪಾಡು ಯೋಚನೆ ಮಾಡಿ ಸ್ವಾಮಿ. ನೋಡಲು ಹೋದವರ ಕಷ್ಟ ಒಂದು ದಿನದ್ದು.

ಮೈಸೂರ್‌ಪಾಕ್ · ಭಾನುವಾರ ರಾತ್ರಿ 9:00

ಮೇಸ್ತ್ರಿಗಳ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಬಿಳುಪಿನ ಬಗ್ಗೆ ಒಂದು ಮಾತು. ಮಧ್ಯಾಹ್ನ 12ಕ್ಕೆ ಆ ಗೋಡೆಯನ್ನು ಕಣ್ಣು ಬಿಟ್ಟು ನೋಡಲು ಆಗುವುದಿಲ್ಲ. ಕಪ್ಪು ಕನ್ನಡಕ ತಗೊಂಡು ಹೋಗಿ.

ಬಿಡದಿಯವನು · ಸೋಮವಾರ ಬೆಳಗ್ಗೆ 6:45

ನಾನು ಬಿಡದಿ ಟೊಯೋಟಾದಿಂದ ಟ್ರೈನಿಂಗ್‌ಗೆ ಅಂತ ಹೋಗಿದ್ದವನು. 2012ರ ಮೇ ರಜೆಯಲ್ಲಿ ಹಿಮೇಜಿಗೆ ಹೋದರೆ ಕೋಟೆಯೇ ಇಲ್ಲ! ಇಡೀ ಗೋಪುರದ ಸುತ್ತ ದೊಡ್ಡ ಡಬ್ಬಿ ಕಟ್ಟಿದ್ದರು. ಹೊರಗಿನ ಬಟ್ಟೆಯ ಮೇಲೆ ಕೋಟೆಯ ಚಿತ್ರ. ಮೋಸ ಹೋದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಆ ಡಬ್ಬಿಯೊಳಗೆ ಲಿಫ್ಟ್ ಇಟ್ಟು ರಿಪೇರಿ ಕೆಲಸವನ್ನು ಜನರಿಗೆ ತೋರಿಸುತ್ತಿದ್ದರು. ತುತ್ತತುದಿಯ ಮಾಡಿನ ಸಮಕ್ಕೆ ನಿಂತು ನೋಡಿದ್ದೇನೆ. ಈಗ ಹೋಗುವವರಿಗೆ ಆ ನೋಟ ಸಿಗಲ್ಲ.

ಎಂಜಿನಿಯರ್ ಆಗಿ ನನಗೆ ಹಿಡಿಸಿದ್ದು ಕಂಬಗಳು. ಪಾಕ್ ಅವರೇ, "ಬರೀ ಕಂಬ" ಅಂದಿರಲ್ಲ, ಆ ಕಂಬಗಳನ್ನು ತಬ್ಬಿ ನೋಡಿದಿರಾ? ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ನೆಲಮಾಳಿಗೆಯಿಂದ ಮೇಲಿನ ಮಹಡಿಯ ಬುಡದವರೆಗೆ ಒಂದೇ ಸಮ ಹೋಗುತ್ತವೆ, ಸುಮಾರು 24 ಮೀಟರ್ ಎತ್ತರ. ಬುಡದಲ್ಲಿ ಒಂದು ಮೀಟರಿಗೆ ಹತ್ತಿರದ ದಪ್ಪ. ಹೊರಗಿನಿಂದ ಗೋಪುರ ಐದು ಅಂತಸ್ತು ಕಾಣುತ್ತದೆ. ಒಳಗೆ ಆರು ಮಹಡಿ, ಕೆಳಗೆ ನೆಲಮಾಳಿಗೆ ಬೇರೆ. ಇಷ್ಟನ್ನೂ ಈ ಎರಡು ಮರಗಳು ಹಿಡಿದುಕೊಂಡಿವೆ.

ಮೊದಲು ಗೋಪುರ ಒಂದು ಕಡೆಗೆ ವಾಲಿತ್ತು. ಕಟ್ಟಿದ ಬಡಗಿ ನಾಚಿಕೆಯಿಂದ ಉಳಿ ಬಾಯಲ್ಲಿ ಕಚ್ಚಿಕೊಂಡು ಮೇಲಿಂದ ಹಾರಿದ ಅಂತ ಊರಲ್ಲಿ ಒಂದು ಕಥೆ. ನಿಜವಾದ ಕಾರಣ ಬಡಗಿಯದ್ದಲ್ಲ. ಭಾರಕ್ಕೆ ಅಡಿಗಲ್ಲುಗಳು ಕುಸಿದಿದ್ದವು. 1956ರಿಂದ 1964ರವರೆಗೆ ಗೋಪುರವನ್ನು ಪೂರ್ತಿ ಬಿಚ್ಚಿ, ತಳಕ್ಕೆ ಕಾಂಕ್ರೀಟ್ ಹಾಕಿ, ಮತ್ತೆ ಜೋಡಿಸಿದರು. ಆಗ ಪಶ್ಚಿಮದ ಕಂಬ ಒಳಗೆ ಕೊಳೆತಿತ್ತು. ಅಷ್ಟುದ್ದದ ಇನ್ನೊಂದು ಹಿನೊಕಿ ಮರ ಬೇಕಲ್ಲ? ಕಿಸೊ ಕಾಡಿನಿಂದ ಒಂದನ್ನು ತರುವಾಗ ಮುರಿದುಹೋಯಿತು. ಕೊನೆಗೆ ಎರಡು ಮರ ಸೇರಿಸಿ ಒಂದು ಕಂಬ ಮಾಡಿದರು. ಮೂರನೇ ಮಹಡಿಯಲ್ಲಿ ಆ ಬೆಸುಗೆ ಇದೆ. ಜನ ಅದರ ಪಕ್ಕದಲ್ಲೇ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ಬೆಸುಗೆ ಮಾತ್ರ ನೋಡುವುದಿಲ್ಲ.

ಮೈಸೂರ್‌ಪಾಕ್ · ಸೋಮವಾರ ಬೆಳಗ್ಗೆ 8:30

ನಾನೂ ಸೆಲ್ಫಿ ಗುಂಪೇ. ಫೋಟೋ ಹುಡುಕಿದೆ. ಕಂಬ ಇದೆ, ನನ್ನ ಮುಖ ಅದಕ್ಕೆ ಅಡ್ಡ ಬಂದಿದೆ.

ಸುಮ್ನೆ_ಓದುವವ · ಸೋಮವಾರ ಬೆಳಗ್ಗೆ 11:10

ಯುದ್ಧ ಬರಲಿಲ್ಲ ಅಂತ ಯಾರೋ ಬರೆದಿದ್ದರು. 1945ರಲ್ಲಿ ಊರಿಗೆ ಬಂತಲ್ಲ? ಆಗ ಕೋಟೆ ಉಳಿದಿದ್ದು ಹೇಗೆ?

ದುರ್ಗದ_ಕಲ್ಲು · ಸೋಮವಾರ ಮಧ್ಯಾಹ್ನ 2:00

ಒಳ್ಳೇ ಪ್ರಶ್ನೆ. 1945ರ ಜುಲೈ 3ರ ರಾತ್ರಿ ಬೆಂಕಿ ಬಾಂಬು ಬಿದ್ದು ಊರು ಬೂದಿಯಾಯಿತು. ಬಿಳಿ ಕೋಟೆ ವಿಮಾನಕ್ಕೆ ಕಾಣದಿರಲಿ ಅಂತ ಮೊದಲೇ ಕಪ್ಪು ಬಲೆ ಹೊದಿಸಿದ್ದರು. ಆದರೂ ಒಂದು ಬಾಂಬು ಗೋಪುರದ ತುದಿಗೇ ಬಿತ್ತು, ಸಿಡಿಯಲಿಲ್ಲ ಅಂತ ಹೇಳುತ್ತಾರೆ. ಮಾರನೇ ಬೆಳಗ್ಗೆ ಸುತ್ತ ಹೊಗೆ, ನಡುವೆ ಕೋಟೆ ನಿಂತೇ ಇತ್ತು.

ಅದಕ್ಕೂ ಮುಂಚೆ ಇನ್ನೊಂದು ಗಂಡಾಂತರ. ಊರೂರಿನ ದೊರೆಗಳ ಕಾಲ ಮುಗಿದ ಮೇಲೆ ಸರ್ಕಾರಕ್ಕೆ ಈ ಕೋಟೆಗಳೆಲ್ಲ ದಂಡ ಅನ್ನಿಸಿದವು. ಹಿಮೇಜಿ ಹರಾಜಿನಲ್ಲಿ 23 ಯೆನ್ 50 ಸೆನ್‌ಗೆ ಹೋಯಿತು ಅಂತ ಕಥೆ. ಕೊಂಡವನಿಗೆ ಹೆಂಚು, ಕಬ್ಬಿಣ ಬಿಚ್ಚಿ ಮಾರುವ ಆಸೆ ಇತ್ತಂತೆ. ಬಿಚ್ಚುವ ಕೂಲಿಯೇ ಜಾಸ್ತಿ ಆಗುತ್ತದೆ ಅಂತ ಬಿಟ್ಟನಂತೆ. ಆಮೇಲೆ 1878ರಲ್ಲಿ ನಕಮುರಾ ಶಿಗೆತೊ ಅನ್ನುವ ಸೇನಾಧಿಕಾರಿ, ಇದನ್ನು ಉಳಿಸಲೇಬೇಕು ಅಂತ ಸರ್ಕಾರಕ್ಕೆ ಬರೆದ. ಹಿಷಿ ಬಾಗಿಲು ದಾಟಿದ ಕೂಡಲೇ ಅವನ ನೆನಪಿನ ಕಲ್ಲು ಇದೆ. ಯಾರೂ ನಿಲ್ಲುವುದಿಲ್ಲ. ನಾನು ನಿಂತಿದ್ದೂ ನಿಜ ಹೇಳಬೇಕೆಂದರೆ ಅಲ್ಲಿ ನೆರಳಿತ್ತು ಅಂತ.

ತಿರುಗಾಟ · ಸೋಮವಾರ ಸಂಜೆ 5:25

23 ಯೆನ್‌ಗೆ ಇಡೀ ಕೋಟೆ! ಈಗ ಒಳಗೆ ಹೋಗಲು ಎಷ್ಟು ಗೊತ್ತಲ್ಲ? ಪಾಕ್ ಅವರು ಹೋದಾಗ 1000 ಯೆನ್ ಇತ್ತು. 2026ರ ಮಾರ್ಚ್‌ನಿಂದ ಹಿಮೇಜಿ ಊರಿನವರಿಗೆ 1000, ಹೊರಗಿನವರಿಗೆಲ್ಲ 2500. 18 ವರ್ಷದೊಳಗಿನವರಿಗೆ ಮಾತ್ರ ಫ್ರೀ. ಇದು ಸರೀನಾ?

ಬಿಡದಿಯವನು · ಸೋಮವಾರ ಸಂಜೆ 6:00

ಅಷ್ಟು ಮರ, ಅಷ್ಟು ಸುಣ್ಣ, ಅದಕ್ಕೆ ಗೊತ್ತಿರುವ ಬಡಗಿಗಳು. ದುಡ್ಡು ಎಲ್ಲಿಂದ ಬರಬೇಕು? ಜಪಾನಿನವರಿಗೂ ಅದೇ ರೇಟು, ಟೋಕಿಯೋದವರೂ 2500 ಕೊಡಬೇಕು. ವಿದೇಶದವರಿಗೆ ಮಾತ್ರ ಹಾಕಿದ್ದರೆ ನಾನೂ ಜಗಳಕ್ಕೆ ಬರುತ್ತಿದ್ದೆ.

ಕಾಫಿಪುಡಿ · ಸೋಮವಾರ ಸಂಜೆ 6:20

ಎಲ್ಲ ಸರಿ, ಊಟದ್ದು ಯಾರೂ ಹೇಳಲಿಲ್ಲ. ಸಸ್ಯಾಹಾರಿಗಳು ಅಲ್ಲಿ ಏನು ತಿನ್ನಬೇಕು?

ಕೋಬೆ_ಕನ್ನಡತಿ · ಸೋಮವಾರ ರಾತ್ರಿ 8:15

ಹಿಮೇಜಿ ಹೆಸರುವಾಸಿ ಇರುವುದು ಅನಾಗೋ ಮೀನಿಗೆ, ಶುಂಠಿ ಸೋಯಾ ಸಾಸ್ ಹಾಕುವ ಓದೆನ್ ಅನ್ನುವ ಸಾರಿನ ತಿನಿಸಿಗೆ, ಸ್ಟೇಷನ್ನಿನ ಎಕಿಸೋಬಾ ನೂಡಲ್ಸ್‌ಗೆ. ಮೂರೂ ಆಗಲ್ಲ. ನೂಡಲ್ಸ್ ನೋಡಲು ಸಾದಾ ಕಾಣುತ್ತದೆ, ಸಾರು ಮೀನಿನದ್ದು. ಆದರೆ ಈ ಊರಿನದೇ ಇನ್ನೊಂದು ಇದೆ, ಬಾದಾಮಿ ಟೋಸ್ಟ್. ದಪ್ಪ ಬ್ರೆಡ್ಡಿಗೆ ಬಾದಾಮಿ ಬೆಣ್ಣೆ ಸವರಿ ಸುಡುತ್ತಾರೆ. ಹಳೇ ಕಾಫಿ ಅಂಗಡಿಗಳಲ್ಲಿ ಬೆಳಗ್ಗೆ ಸಿಗುತ್ತದೆ. ಜೊತೆಗೆ ಕಾಫಿ, ಏಸಿ, ಕೂರಲು ಮೆತ್ತನೆ ಕುರ್ಚಿ. ಬಿಸಿಲು ಇಳಿಯುವವರೆಗೆ ಇನ್ನೇನು ಬೇಕು? ಕಾಕಿಗೋರಿ ಅಂತ ಐಸ್ ತುರಿದು ಮೇಲೆ ಪಾಕ ಹಾಕಿ ಕೊಡುತ್ತಾರೆ, ಅದೂ ನಡೆಯುತ್ತದೆ.

ಕೋಟೆ ಪಕ್ಕದ ಕೊಕೊಎನ್ ತೋಟ ಬಿಡಬೇಡಿ. 1992ರಲ್ಲಿ ಮಾಡಿದ್ದು, ಒಂಬತ್ತು ತೋಟಗಳು ಒಂದರ ಪಕ್ಕ ಒಂದು. ನೀರು, ನೆರಳು, ಮೀನು. ದೊಡ್ಡವರನ್ನು ಅಲ್ಲಿ ಕೂರಿಸಿ ಗೋಪುರ ಹತ್ತುವವರು ಹತ್ತಿ ಬರಬಹುದು.

ಹೊಸಬ_22 · ಸೋಮವಾರ ರಾತ್ರಿ 8:50

ಅಪ್ಪನಿಗೆ ಮಂಡಿ ನೋವು. ಗೋಪುರ ಹತ್ತದೆ ನೋಡುವುದು ಏನಾದರೂ ಇದೆಯಾ?

ದುರ್ಗದ_ಕಲ್ಲು · ಸೋಮವಾರ ರಾತ್ರಿ 9:30

ನಿಶಿನೊಮಾರು, ಅಂದರೆ ಪಶ್ಚಿಮದ ಅಂಗಳ. ಅಲ್ಲೂ ಸ್ವಲ್ಪ ಹತ್ತಬೇಕು, ಆದರೆ ಗೋಪುರದಷ್ಟಲ್ಲ. ಉದ್ದನೆಯ ಓಣಿಯಂಥ ಮರದ ಕಟ್ಟಡ, ಪಕ್ಕಕ್ಕೆ ಸಣ್ಣ ಸಣ್ಣ ಕೋಣೆಗಳು. ಇದರ ಹಿಂದೆ ಒಬ್ಬ ಹೆಣ್ಣುಮಗಳ ಕಥೆ ಇದೆ. ಸೆನ್‌ಹಿಮೆ. ಜಪಾನ್ ಗೆದ್ದು ಆಳಿದ ಟೊಕುಗವಾ ಇಎಯಾಸು ಮೊಮ್ಮಗಳು. ಚಿಕ್ಕ ವಯಸ್ಸಲ್ಲೇ ಒಸಾಕಾ ಕೋಟೆಯ ಒಡೆಯ ತೊಯೊತೊಮಿ ಹಿದೆಯೋರಿಗೆ ಕೊಟ್ಟರು. 1615ರಲ್ಲಿ ಅದೇ ತಾತ ಒಸಾಕಾ ಕೋಟೆಗೆ ಮುತ್ತಿಗೆ ಹಾಕಿ ಗಂಡನ ಮನೆಯನ್ನೇ ನಾಶ ಮಾಡಿದ. ಇವಳನ್ನು ಉರಿಯುವ ಕೋಟೆಯಿಂದ ಹೊರಗೆ ತಂದರು. ಆಮೇಲೆ ಹೊಂಡಾ ತದಾತೋಕಿ ಜೊತೆ ಮದುವೆಯಾಗಿ ಹಿಮೇಜಿಗೆ ಬಂದಳು. ಮಾವ ಕಟ್ಟಿಸಿದ ಅಂಗಳ ಅದು. ತುದಿಯಲ್ಲಿ ಅವಳ ಅಲಂಕಾರದ ಕೋಣೆ. ಎರಡನೇ ಸಂಸಾರವೂ ಉಳಿಯಲಿಲ್ಲ. ಮಗ ಎಳೆಯದರಲ್ಲೇ ಹೋದ, ಆಮೇಲೆ ಗಂಡ.

ಆ ಓಣಿಯಲ್ಲಿ ಕಿಟಕಿ ಸಾಲು ಇದೆ. ನಾನು ಹೋದ ದಿನ ಅಲ್ಲಿ ಗಾಳಿ ಆಡುತ್ತಿತ್ತು. ಗೋಪುರವೂ ಪೂರ್ತಿ ಕಾಣುತ್ತದೆ.

ಕರಾವಳಿ_ಸೆಖೆ · ಸೋಮವಾರ ರಾತ್ರಿ 10:05

ಒಕಿಕು ಬಾವಿಯ ಭೂತ ಬಿಟ್ಟಿರಲ್ಲ. ಮನೆಕೆಲಸದ ಹುಡುಗಿ, ಹತ್ತು ತಟ್ಟೆಯಲ್ಲಿ ಒಂದು ಕಳೆದಳು ಅಂತ ಸುಳ್ಳು ಅಪವಾದ ಹೊರಿಸಿ ಕೊಂದು ಬಾವಿಗೆ ಹಾಕಿದರು. ರಾತ್ರಿ ಬಾವಿಯಿಂದ ಒಂದು, ಎರಡು, ಮೂರು ಅಂತ ಎಣಿಸುವ ಸದ್ದು. ಒಂಬತ್ತಕ್ಕೆ ನಿಲ್ಲುತ್ತದೆ. ಜಪಾನಿನಲ್ಲಿ ಭೂತದ ಕಥೆ ಹೇಳುವುದೇ ಬೇಸಿಗೆಯಲ್ಲಿ, ಬೆನ್ನುಹುರಿ ತಣ್ಣಗಾಗಲಿ ಅಂತ. ನಾನು ಬಾವಿಗೆ ಬಗ್ಗಿ ನೋಡಿದೆ. ಮೇಲೆ ಕಬ್ಬಿಣದ ಜಾಲರಿ ಇದೆ. ತಣ್ಣಗೇನೂ ಆಗಲಿಲ್ಲ.

ಮೈಸೂರ್‌ಪಾಕ್ · ಮಂಗಳವಾರ ಬೆಳಗ್ಗೆ 7:50

ನಿನ್ನೆ ರಾತ್ರಿ ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಕಂಬ, ಸುಣ್ಣ, ಸೆನ್‌ಹಿಮೆ, ಎಲ್ಲ. "ನೀನು ಏನು ನೋಡಿದೆ ಅಲ್ಲಿ?" ಅಂತ ಮೊದಲ ಸಲ ಕೇಳಿದೆ. ಇಷ್ಟು ದಿನ ನಾನೇ ಮಾತಾಡುತ್ತಿದ್ದೆ.

ಅಮ್ಮ ಹೇಳಿದ್ದು ಬೀಸುವ ಕಲ್ಲಿನ ವಿಷಯ. ಎತ್ತರದ ಕಲ್ಲುಗೋಡೆಯಲ್ಲಿ ಒಂದು ಸಣ್ಣ ಕಲ್ಲಿಗೆ ಮಾತ್ರ ತಂತಿಯ ಬಲೆ ಹೊದಿಸಿದ್ದರು, ಅದು ನನಗೂ ನೆನಪಿದೆ. ಇಕೆದಾಗೂ ಮುಂಚೆ ಹಿದೆಯೋಶಿ ಅನ್ನುವ ದೊರೆ ಇಲ್ಲಿ ಕೋಟೆ ಕಟ್ಟಿಸುವಾಗ ಕಲ್ಲು ಸಾಲದೆ ಬಂತಂತೆ. ಕಡುಬಿನಂಥ ಮೋಚಿ ಸುಟ್ಟು ಮಾರುವ ಮುದುಕಿಯೊಬ್ಬಳು ತನ್ನ ಬೀಸುವ ಕಲ್ಲನ್ನೇ ತಂದುಕೊಟ್ಟಳಂತೆ. ಅದನ್ನು ಕೇಳಿ ಊರವರೆಲ್ಲ ಕಲ್ಲು ತಂದರಂತೆ. ಬೋರ್ಡು ಓದಿ ಈ ಕಥೆ ಅಮ್ಮನಿಗೆ ಹೇಳಿದವನು ನಾನೇ. ಹೇಳಿ ಮುಂದೆ ಹೋಗಿದ್ದೆ. ಅಮ್ಮ ಅಲ್ಲೇ ನಿಂತಿದ್ದರು, ಬಿಸಿಲಲ್ಲಿ. ನಾನು "ಬಾಮ್ಮಾ, ತಲೆ ಸುಡುತ್ತೆ" ಅಂತ ಗದರಿದ್ದೆ.

ನಿನ್ನೆ ಅಮ್ಮ ಕೇಳಿದರು: "ಕಲ್ಲು ಕೊಟ್ಟಮೇಲೆ ಆ ಅಜ್ಜಿ ಹಿಟ್ಟು ಹೇಗೆ ಬೀಸಿಕೊಂಡಳೋ? ಅದನ್ನು ಅಲ್ಲಿ ಬರೆದಿದ್ದರಾ?"

ಇಲ್ಲ ಅಂದೆ.

ಇನ್ನೊಂದು. ನಾಲ್ಕನೇ ಮಹಡಿಯಲ್ಲಿ ಕೂತಿದ್ದಾಗ ಸಾಕ್ಸ್ ಬಿಚ್ಚಿ ಪಾದ ಹಲಗೆಯ ಮೇಲೆ ಇಟ್ಟಿದ್ದರಂತೆ. "ಹೊರಗೆ ಅಷ್ಟು ಬೆಂಕಿ, ಹಲಗೆ ಮಾತ್ರ ತಣ್ಣಗಿತ್ತು. ನಮ್ಮ ತಾತನ ಮನೆ ಜಗುಲಿ ಹಾಗೆ. ಅದಕ್ಕೇ ಇನ್ನೂ ಸ್ವಲ್ಪ ಹೊತ್ತು ಕೂತೆ. ತಲೆಸುತ್ತು ಎರಡೇ ನಿಮಿಷಕ್ಕೆ ಹೋಗಿತ್ತು" ಅಂದರು!

ನನ್ನ ಅರ್ಧ ಜೀವ ಹೋಗಿದ್ದು ದಂಡಕ್ಕೆ.

ಕಾಫಿಪುಡಿ · ಮಂಗಳವಾರ ಬೆಳಗ್ಗೆ 8:10

ಅಮ್ಮನಿಗೆ ಇಲ್ಲಿ ಒಂದು ಖಾತೆ ಮಾಡಿಕೊಡಿ. ನೀವು ಬರೆಯುವುದು ಸಾಕು.

ಕೋಬೆ_ಕನ್ನಡತಿ · ಮಂಗಳವಾರ ಮಧ್ಯಾಹ್ನ 12:30

ಹತ್ತು ಸಲ ಹೋಗಿದ್ದೇನೆ, ಆ ಅಜ್ಜಿ ಹಿಟ್ಟು ಹೇಗೆ ಬೀಸಿಕೊಂಡಳು ಅಂತ ಒಂದು ಸಲವೂ ಯೋಚನೆ ಬರಲಿಲ್ಲ. ಮುಂದಿನ ಸಲ ಅಲ್ಲಿನ ಗೈಡ್ ತಾತಂದಿರನ್ನು ಕೇಳಿಯೇ ಬಿಡುತ್ತೇನೆ.

ಹೊಸಬ_22 · ಬುಧವಾರ ರಾತ್ರಿ 9:15

ಆಫೀಸಲ್ಲಿ ಬೇಡಿಕೊಂಡು ರಜೆ ನವೆಂಬರ್‌ಗೆ ಹಾಕಿಸಿಕೊಂಡೆ. ಅಪ್ಪ ಕೂಡ ಈ ಚರ್ಚೆ ಓದಿದರು. ಗೋಪುರ ಹತ್ತುತ್ತೇನೆ, ಆ ಕಂಬದ ಬೆಸುಗೆ ನೋಡಲೇಬೇಕು ಅಂತ ಹಟ ಹಿಡಿದಿದ್ದಾರೆ. ಮೂರನೇ ಮಹಡಿ ತಾನೇ?

ಬಿಡದಿಯವನು · ಬುಧವಾರ ರಾತ್ರಿ 9:40

ಮೂರನೆಯದೇ. ಪಶ್ಚಿಮದ ಕಂಬ, ಮರೆಯಬೇಡಿ. ನವೆಂಬರ್‌ನಲ್ಲಿ ಹಲಗೆ ಜಾಸ್ತಿಯೇ ತಣ್ಣಗಿರುತ್ತದೆ, ದಪ್ಪ ಸಾಕ್ಸ್ ಇರಲಿ. ಮೆಟ್ಟಿಲು ಬಂದಾಗ ಮಾತ್ರ ಅಪ್ಪನಿಗೆ ಅದನ್ನು ಬಿಚ್ಚಲು ಹೇಳಿ. ಆ ಮರ ನುಣ್ಣಗಿದೆ, ಜಾರುತ್ತದೆ.